ಉಳಿಯ ಗೆರೆ ಮತ್ತು ನಮ್ಮ ಕಿವಿ

ಹಳೆಯ ಕಾರಿನ ಇಗ್ನಿಷನ್ ಟೈಮಿಂಗನ್ನು ಕಿವಿಯಿಂದಲೇ ಹೊಂದಿಸಬೇಕು, ಬಲ್ಲ ಮಿಸ್ತ್ರಿಗೆ ಸಲಕರಣೆಯ ಹಂಗಿಲ್ಲ ಎಂಬ ಮಾತಿಗೆ ನಮ್ಮಲ್ಲಿ ಬಹಳ ಕಾಲದಿಂದ ಗೌರವವಿದೆ. ವೀಣೆಯ ತಂತಿಯನ್ನು ಶ್ರುತಿಗೆ ತರುವ ವಿದ್ವಾಂಸರ ಸಾಲಿನಲ್ಲಿ ಈ ಮಿಸ್ತ್ರಿಯನ್ನೂ ಕೂರಿಸಿ ಮಾತನಾಡುವುದು ನಮಗೆ ಇಷ್ಟ. ನಾವೂ ಹಾಗೆ ಮಾತನಾಡಿದವರೇ. ಆ ನಂಬಿಕೆಗೆ ಒಂದು ಹೆಡ್ ಗ್ಯಾಸ್ಕೆಟ್ಟನ್ನೂ ಒಂದು ಪಿಸ್ಟನ್ನನ್ನೂ ತೆತ್ತ ಮೇಲೆ ನಮ್ಮ ಅಭಿಪ್ರಾಯ ಬದಲಾಯಿತು. ನಿಂತ ಗಾಡಿಯ ಮುಂದೆ ಕಿವಿಗೊಟ್ಟು ಮಾಡಿದ ಟೈಮಿಂಗನ್ನು ನಾವೀಗ ನಂಬುವುದಿಲ್ಲ. ಅದು ದೀಪದ ಸಾಕ್ಷಿಯಿಂದ ಆರಂಭವಾಗಬೇಕು, ಏರುದಾರಿಯಲ್ಲಿ ಮುಗಿಯಬೇಕು. ಹೀಗೆನ್ನುವುದು ಹಳೆಯ ಕಸುಬುದಾರರಿಗೆ ತೋರಿದ ಅಗೌರವವೆಂದು ನಮ್ಮ ಬಳಗದಲ್ಲಿಯೇ ಕೆಲವರು ಮುನಿಸಿಕೊಂಡಿದ್ದಾರೆ. ಅವರೂ ಓದಲೆಂದು ಇದನ್ನು ಬರೆಯುತ್ತಿದ್ದೇವೆ.

ನಾವಿರುವುದು ರಾಂಜಣಗಾಂವದಲ್ಲಿ. ಪುಣೆಯಿಂದ ಅಹಿಲ್ಯಾನಗರದ ಕಡೆಗೆ, ಅಂದರೆ ಮೊನ್ನೆ ಮೊನ್ನೆಯವರೆಗಿನ ಅಹ್ಮದ್‌ನಗರದ ಕಡೆಗೆ, ಸುಮಾರು 50 ಕಿಲೋಮೀಟರು ಹೋದರೆ ಈ ಊರು. ಹೊರಗಿನವರಿಗೆ ಇದು ಅಷ್ಟವಿನಾಯಕರಲ್ಲಿ ಒಬ್ಬನಾದ ಮಹಾಗಣಪತಿಯ ಕ್ಷೇತ್ರ. ಸಂಬಳಕ್ಕಾಗಿ ಬಂದ ನಮ್ಮಂಥವರಿಗೆ ಎಂಐಡಿಸಿ. ಬೆಳಗಾವಿ, ಧಾರವಾಡ, ವಿಜಯಪುರ, ಕಲಬುರಗಿಗಳಿಂದ ಬಂದು ಇಲ್ಲಿಯ ಕಾರ್ಖಾನೆಗಳಲ್ಲಿ ನೆಲೆ ನಿಂತ ಕೆಲವು ಕುಟುಂಬಗಳು ಭಾನುವಾರಗಳಂದು ಸೇರಿ ಕನ್ನಡ ಪುಸ್ತಕ ಓದುತ್ತೇವೆ, ಚಹಾ ಕುಡಿಯುತ್ತೇವೆ, ಆಮೇಲೆ ಯಾರದಾದರೂ ಗಾಡಿಯ ಬಾನೆಟ್ಟು ಎತ್ತಿ ನಿಲ್ಲುತ್ತೇವೆ. ಫಿಯಾಟಿನ ಕಾರ್ಖಾನೆ ಈ ಊರಿನಲ್ಲಿಯೇ ಇದೆ. 2017ರಿಂದ ಜೀಪ್ ಕಂಪಾಸ್ ಅಲ್ಲಿ ತಯಾರಾಗುತ್ತಿದೆ. ಅಂಥ ಊರಿನಲ್ಲಿ ಹಳೆಯ ಫಿಯಾಟಿನ ವಂಶದ ಒಂದು ಎಂಜಿನಿಗೆ ಕಿಡಿಯ ಹೊತ್ತನ್ನು ಹೊಂದಿಸಬಲ್ಲವರನ್ನು ಹುಡುಕಿಕೊಂಡು ನಾವು ಶಿರೂರಿನವರೆಗೆ ಅಲೆದದ್ದು ಒಂದು ತಮಾಷೆಯೇ ಸರಿ.

ಗಾಡಿ ಒಂದು ಪ್ರೀಮಿಯರ್ ಪದ್ಮಿನಿ. ನಮ್ಮ ಗೆಳೆಯರೊಬ್ಬರ ತಂದೆಯವರು 1982ರಲ್ಲಿ ಹುಬ್ಬಳ್ಳಿಯಲ್ಲಿ ಕೊಂಡದ್ದು. ಅವರು ತೀರಿಕೊಂಡ ಮೇಲೆ ಮಗ ಅದನ್ನು ಮಾರದೆ ಇಲ್ಲಿಗೆ ತಂದರು. ಪದ್ಮಿನಿಯ ಎಂಜಿನಿನ ಮೂಲ ಇಟಲಿಯಲ್ಲಿ 1937ರಲ್ಲಿ ಬಂದ ಫಿಯಾಟ್ 1100. 68 ಮಿಲಿಮೀಟರು ಅಗಲದ ಸಿಲಿಂಡರು, 75 ಮಿಲಿಮೀಟರು ಓಡುವ ಪಿಸ್ಟನ್ನು, ನಾಲ್ಕೂ ಸೇರಿ 1089 ಸಿಸಿ. ಈ ಲೆಕ್ಕವನ್ನು ಕದಲಿಸದೆ ಅದು ಮುಂಬಯಿಯ ಕುರ್ಲಾದಲ್ಲಿ ಇಪ್ಪತ್ತನೆಯ ಶತಮಾನದ ಕೊನೆಯವರೆಗೂ ತಯಾರಾಯಿತು. ಕುರ್ಲಾದ ಆ ಕಂಪನಿಯನ್ನು 1944ರಲ್ಲಿ ಕಟ್ಟಿದ ವಾಲಚಂದ್ ಹೀರಾಚಂದರು ಹುಟ್ಟಿದ್ದು ಸೊಲ್ಲಾಪುರದಲ್ಲಿ. ಮೈಸೂರು ಸರ್ಕಾರದೊಡನೆ ಸೇರಿ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಆರಂಭಿಸಿದವರೂ ಅವರೇ. ಇಂದಿನ ಎಚ್‌ಎಎಲ್ ಅದರಿಂದ ಬೆಳೆದದ್ದು. ಪದ್ಮಿನಿಯನ್ನು ಮುಂಬಯಿಯ ಟ್ಯಾಕ್ಸಿಯೆಂದಷ್ಟೇ ಬಲ್ಲವರಿಗಾಗಿ ಈ ಸಂಬಂಧವನ್ನು ಹೇಳಿದೆವು. ಆ ಕಪ್ಪು ಹಳದಿ ಟ್ಯಾಕ್ಸಿಗಳೂ 2023ರ ಅಕ್ಟೋಬರಿಗೆ ರಸ್ತೆಯಿಂದ ಮರೆಯಾದವು.

ನಮ್ಮ ಕಥೆಗೆ ಬೇಕಾದ ಸಂಗತಿ ಆ ಗಾಡಿಯ ಡಿಸ್ಟ್ರಿಬ್ಯೂಟರಿನ ಬುಡದಲ್ಲಿದೆ. ಡಿಸ್ಟ್ರಿಬ್ಯೂಟರು ಎಂಜಿನಿನಲ್ಲಿ ಕೂರುವ ಜಾಗದಲ್ಲಿ, ಎರಡೂ ಲೋಹಗಳಿಗೆ ಸೇರಿದಂತೆ, ಚಿಕ್ಕ ಉಳಿಯಿಂದ ಹೊಡೆದ ಒಂದು ನೇರ ಗೆರೆ. ಹುಬ್ಬಳ್ಳಿಯ ಮಿಸ್ತ್ರಿಯೊಬ್ಬರು ಟೈಮಿಂಗ್ ಸರಿಯಾಗಿ ಕೂಡಿಬಂದ ದಿನ ತಂದೆಯವರ ಎದುರಿನಲ್ಲಿಯೇ ಹೊಡೆದದ್ದಂತೆ. ಯಾರು ಬಿಚ್ಚಿದರೂ ಈ ಗೆರೆಗೆ ಗೆರೆ ಕೂಡಿಸಿ ಕಟ್ಟಿರಿ, ಬೇರೇನೂ ನೋಡಬೇಡಿ ಎಂಬ ಸೂಚನೆಯೊಂದಿಗೆ. ನಾವು ಮೊದಲ ಬಾರಿ ಬಾನೆಟ್ಟು ಎತ್ತಿದಾಗ ಗೆಳೆಯರ ತಾಯಿ ಬಾಗಿಲಲ್ಲಿ ನಿಂತು ಹೇಳಿದ ಮಾತು ಒಂದೇ: “ನಿಮ್ಮ ಅಪ್ಪಾರು ಹಾಕಿಸಿದ ಗೆರಿ ಅದ ಅಲ್ಲಿ. ಅದನ್ನ ಮಾತ್ರ ಅಳಿಸಬ್ಯಾಡ್ರಿ.”

ಅಳಿಸಲಿಲ್ಲ. ಆದರೆ ಗೆರೆಗೆ ಗೆರೆ ಕೂಡಿಸಿ ಕಟ್ಟಿದರೂ ಗಾಡಿ ಎಳೆಯುತ್ತಿರಲಿಲ್ಲ. ಮೂರನೆಯ ಗೇರಿನಲ್ಲಿಯೇ ಏದುಸಿರು, ಪೆಟ್ರೋಲಿನ ಖರ್ಚು ಹೆಚ್ಚು, ಸ್ವಲ್ಪ ಓಡಿಸಿ ನಿಲ್ಲಿಸಿದರೆ ಸೈಲೆನ್ಸರಿನ ಕೊಳವೆ ವಿಪರೀತ ಬಿಸಿ. ಕಿಡಿ ತಡವಾಗಿ ಬೀಳುತ್ತಿದೆಯೆಂಬುದರ ಲಕ್ಷಣಗಳಿವು: ಉರಿ ಪಿಸ್ಟನ್ನನ್ನು ತಳ್ಳುವ ಕೆಲಸಕ್ಕೆ ಪೂರ್ತಿಯಾಗಿ ಒದಗದೆ ಹೊರಗೆ ಹೋಗುವ ದಾರಿಯಲ್ಲಿ ಉರಿಯುತ್ತಿರುತ್ತದೆ. ಅಷ್ಟು ನಮಗೂ ತಿಳಿದಿತ್ತು. 2016ರ ಮೇ ತಿಂಗಳ ಒಂದು ಭಾನುವಾರ ಹಿರಿಯ ಮೆಕ್ಯಾನಿಕ್ ಒಬ್ಬರನ್ನು ಕರೆತಂದೆವು. ಅವರು ಎಂಜಿನು ಚಾಲೂ ಮಾಡಿಸಿ, ಕ್ಲ್ಯಾಂಪು ಸಡಿಲಿಸಿ, ತಲೆ ಒಂದು ಕಡೆ ವಾಲಿಸಿ, ಡಿಸ್ಟ್ರಿಬ್ಯೂಟರನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟು ಮುಂದಕ್ಕೆ ತಿರುಗಿಸುತ್ತ ಹೋದರು. ಪ್ರತಿ ಬಾರಿಯೂ ಎಂಜಿನು ಇನ್ನಷ್ಟು ಚುರುಕಾಯಿತು, ಇನ್ನಷ್ಟು ಇಂಪಾಯಿತು. ಅತ್ಯಂತ ಇಂಪಾದಲ್ಲಿ ನಿಲ್ಲಿಸಿ ಬಿಗಿದರು. ನಮ್ಮಲ್ಲಿ ಮೀಟರು, ಮಾಪನಗಳ ಕೆಲಸ ಮಾಡುವ ಒಬ್ಬರು “ಒಮ್ಮೆ ಲೈಟ್ ಹಿಡಿದು ನೋಡೋಣವೇ?” ಎಂದಾಗ ನಾವೆಲ್ಲ ನಕ್ಕೆವು. ಆ ನಗು ನಮ್ಮದು. ತಪ್ಪಿನಲ್ಲಿ ದೊಡ್ಡ ಪಾಲೂ ನಮ್ಮದು.

ಮರುವಾರ ಐದು ಜನ, ಮೇಲೆ ಸಾಮಾನು, ಊರಿನ ಕಡೆಗೆ ಹೊರಟೆವು. ಸಾತಾರಾದ ದಾರಿಯಲ್ಲಿ ಖಂಬಾಟ್ಕಿ ಘಾಟಿನ ಏರು ಬಂದಾಗ ಹೊತ್ತು ಮಧ್ಯಾಹ್ನ. ಆಕ್ಸಿಲರೇಟರು ಒತ್ತಿದೊಡನೆ ಮುಂದಿನಿಂದ ಸಣ್ಣ ಸದ್ದು: ತಗಡಿನ ಡಬ್ಬಿಯಲ್ಲಿ ಪುಟಾಣಿ ಹಾಕಿ ಅಲ್ಲಾಡಿಸಿದಂತೆ. ಕಿಟಕಿಗಳು ತೆರೆದಿದ್ದವು, ಲಾರಿಗಳ ಗದ್ದಲವಿತ್ತು, ಮಾತು ನಡೆದಿತ್ತು. ಕೇಳಿಸಿಕೊಂಡವರು ವಾಲ್ವಿನ ಸದ್ದಿರಬೇಕೆಂದರು. ಏರು ಮುಗಿಯುವ ಮೊದಲೇ ಹಬೆ ಎದ್ದಿತು. ಬಿಚ್ಚಿಸಿ ನೋಡಿದಾಗ ಎರಡು ಮತ್ತು ಮೂರನೆಯ ಸಿಲಿಂಡರುಗಳ ನಡುವೆ ಗ್ಯಾಸ್ಕೆಟ್ಟು ಸುಟ್ಟುಹೋಗಿತ್ತು. ಮೂರನೆಯ ಪಿಸ್ಟನ್ನಿನ ತಲೆಯ ಅಂಚನ್ನು ಇಲಿ ಕಡಿದಂತಾಗಿತ್ತು. ಡಿಸ್ಟ್ರಿಬ್ಯೂಟರನ್ನು ಅದಿದ್ದಲ್ಲಿಯೇ ಗುರುತು ಮಾಡಿ ಇಟ್ಟುಕೊಂಡಿದ್ದೆವು. ಎಂಜಿನು ಮತ್ತೆ ಕೂಡಿದ ಮೇಲೆ, ನಕ್ಕಿದ್ದ ನಮ್ಮ ಮುಂದೆಯೇ, ಆ ಗೆಳೆಯರು ಟೈಮಿಂಗ್ ಗನ್ ಹಿಡಿದರು. ಪುಸ್ತಕದಲ್ಲಿ ಹೇಳಿದ್ದಕ್ಕಿಂತ ಕಿಡಿ 14 ಡಿಗ್ರಿ ಮುಂಚೆ ಬೀಳುತ್ತಿತ್ತು.

ಬಲ್ಲ ಕಿವಿ ಹೀಗೇಕೆ ಮೋಸ ಹೋಯಿತು? ಕಿಡಿ ಬಿದ್ದ ಕ್ಷಣಕ್ಕೆ ಸಿಲಿಂಡರಿನೊಳಗಿನ ಮಿಶ್ರಣವೆಲ್ಲ ಒಮ್ಮೆಗೇ ಹೊತ್ತಿಕೊಳ್ಳುವುದಿಲ್ಲ. ಪ್ಲಗ್ಗಿನ ತುದಿಯಿಂದ ಜ್ವಾಲೆ ಹಬ್ಬುತ್ತ ಹೋಗಬೇಕು, ಅದಕ್ಕೆ ಒಂದೆರಡು ಮಿಲಿಸೆಕೆಂಡುಗಳಾದರೂ ಬೇಕು. ನಿಮಿಷಕ್ಕೆ 600 ಸುತ್ತು ತಿರುಗುವಾಗ ಒಂದು ಮಿಲಿಸೆಕೆಂಡಿನಲ್ಲಿ ಕ್ರ್ಯಾಂಕು 3.6 ಡಿಗ್ರಿ ತಿರುಗುತ್ತದೆ. 3000 ಸುತ್ತಿಗೆ ಅದೇ ಮಿಲಿಸೆಕೆಂಡಿನಲ್ಲಿ 18 ಡಿಗ್ರಿ. ಪಿಸ್ಟನ್ನು ಮೇಲಿನ ತುದಿ ಮುಟ್ಟಿ ಇಳಿಯತೊಡಗಿದ ಸ್ವಲ್ಪ ಹೊತ್ತಿಗೆ, ಸುಮಾರು 15 ಡಿಗ್ರಿಯಲ್ಲಿ, ಒತ್ತಡ ಪೂರ್ತಿ ಏರಿದ್ದರೆ ತಳ್ಳು ಚೆನ್ನಾಗಿ ಸಿಗುತ್ತದೆ. ಆದ್ದರಿಂದ ಕಿಡಿಯನ್ನು ಪಿಸ್ಟನ್ನು ಮೇಲೇರುತ್ತಿರುವಾಗಲೇ ಕೊಡಬೇಕು. ವೇಗ ಹೆಚ್ಚಿದಂತೆ ಇನ್ನೂ ಮುಂಚೆ ಕೊಡಬೇಕು. ವೇಗಕ್ಕೆ ತಕ್ಕಂತೆ ಮುಂದೂಡುವ ಕೆಲಸವನ್ನು ಡಿಸ್ಟ್ರಿಬ್ಯೂಟರಿನೊಳಗಿನ ಎರಡು ಪುಟ್ಟ ತೂಕಗಳು, ಸ್ಪ್ರಿಂಗುಗಳನ್ನು ಜಗ್ಗಿ ಹೊರಕ್ಕೆ ಹಾರುತ್ತ, ತಾವೇ ಮಾಡುತ್ತವೆ. ಅಂಬಾಸಿಡರಿನಂಥ ಗಾಡಿಗಳಲ್ಲಿ ಹೊರೆಗೆ ತಕ್ಕಂತೆ ತಿದ್ದಲು ಗಾಳಿಯೆಳೆತದಿಂದ ನಡೆಯುವ ಒಂದು ಡಯಾಫ್ರಮ್ ಬೇರೆ ಇರುತ್ತದೆ. ನಮ್ಮ ಕೈಯಲ್ಲಿರುವುದು ಈ ಎಲ್ಲ ತಿದ್ದುವಿಕೆಗೂ ಮೊದಲಿನ ಆರಂಭದ ಬಿಂದು ಮಾತ್ರ.

ಐಡಲಿಂಗಿನಲ್ಲಿ ನಿಂತ ಎಂಜಿನು ಉಸಿರಾಡುವುದು ಬಹಳ ಕಡಿಮೆ. ಥ್ರಾಟಲ್ ಮುಚ್ಚಿದೆ, ಒಳಬಂದ ಮಿಶ್ರಣ ತೆಳು, ಹಿಂದಿನ ಸುಟ್ಟ ಹೊಗೆಯ ಉಳಿಕೆ ಅದರೊಡನೆ ಬೆರೆತಿದೆ. ಇಂಥ ಮಿಶ್ರಣ ನಿಧಾನವಾಗಿ ಉರಿಯುತ್ತದೆ. ಆದ್ದರಿಂದ ಕಿಡಿಯನ್ನು ಎಷ್ಟು ಮುಂಚೆ ಕೊಟ್ಟರೂ ಅದಕ್ಕೆ ಸುಖವೇ. ಒತ್ತಡವೇ ಇಲ್ಲದಿರುವುದರಿಂದ ನಾಕಿಂಗ್ ಆಗುವ ಸಂಭವವೂ ಇಲ್ಲ. ಏರಿನಲ್ಲಿ ಥ್ರಾಟಲ್ ಪೂರ್ತಿ ತೆರೆದಾಗಲಾದರೋ ಸಿಲಿಂಡರು ತುಂಬಿರುತ್ತದೆ, ಬಿಸಿಯಾಗಿರುತ್ತದೆ. ಜ್ವಾಲೆ ಇನ್ನೂ ತಲುಪದ ಮೂಲೆಯ ಮಿಶ್ರಣ, ಮೇಲೇರುವ ಪಿಸ್ಟನ್ನಿಗೂ ಹಬ್ಬುತ್ತಿರುವ ಉರಿಗೂ ನಡುವೆ ಸಿಕ್ಕಿ, ತಾನಾಗಿಯೇ ಸಿಡಿಯುತ್ತದೆ. ಡಬ್ಬಿಯೊಳಗಿನ ಪುಟಾಣಿಯ ಸದ್ದು ಅದೇ. ನಿಂತಲ್ಲಿ ಕೇಳಿದ ಇಂಪಿಗೂ ಏರಿನಲ್ಲಿ ನಡೆಯುವುದಕ್ಕೂ ಹೀಗೆ ಸಂಬಂಧವೇ ಇಲ್ಲ. ಕಿವಿಗೆ ನಾವು ಕೇಳಿದ ಪ್ರಶ್ನೆಯೇ ತಪ್ಪಾಗಿತ್ತು.

ಕೈಯಿಂದ ಹ್ಯಾಂಡಲ್ ಹೊಡೆದು ಚಾಲೂ ಮಾಡುತ್ತಿದ್ದ ಕಾಲದವರಿಗೆ ಇದರ ಅರಿವು ಬೇರೆ ರೀತಿಯಲ್ಲಿ ಇತ್ತು. ಹೆಬ್ಬೆರಳನ್ನು ಹಿಡಿಯ ಸುತ್ತ ಸುತ್ತದೆ ಉಳಿದ ನಾಲ್ಕು ಬೆರಳುಗಳ ಪಕ್ಕಕ್ಕೇ ಇಟ್ಟುಕೊಳ್ಳಬೇಕೆಂದು ಮಕ್ಕಳಿಗೆ ಕಲಿಸುತ್ತಿದ್ದರು. ಟೈಮಿಂಗು ಮುಂದಾಗಿದ್ದರೆ ಹ್ಯಾಂಡಲ್ಲು ಹಿಂದಕ್ಕೆ ಒದೆಯುತ್ತಿತ್ತು, ಮಣಿಕಟ್ಟು ಮುರಿಯುತ್ತಿತ್ತು. ಈಗ ಆ ಒದೆತವನ್ನು ಸ್ಟಾರ್ಟರ್ ಮೋಟರು ಸದ್ದಿಲ್ಲದೆ ತಿನ್ನುತ್ತದೆ.

ಇನ್ನು ಉಳಿಯ ಗೆರೆಯ ವಿಚಾರ. ಬಳಗದಲ್ಲಿ ಬಿಸಿ ಚರ್ಚೆಯಾದದ್ದು ಇದರ ಮೇಲೆಯೇ. ಗೆರೆಯನ್ನು ಬಿಟ್ಟು ತಿರುಗಿಸಿದ್ದರಿಂದಲೇ ಗಾಡಿ ಕೆಟ್ಟಿತು, ಹಿರಿಯರ ಗುರುತಿಗೆ ತಿರುಗಿ ಹೋಗಿರಿ ಎಂದು ಕೆಲವರ ವಾದ. ಆದರೆ ಗೆರೆಯ ಮೇಲಿದ್ದಾಗಲೂ ಗಾಡಿ ನಡೆಯುತ್ತಿರಲಿಲ್ಲವಲ್ಲ! ಗನ್ ಹಿಡಿದು ಗೆರೆಯ ಜಾಗವನ್ನೂ ಅಳೆದೆವು. ಪುಸ್ತಕದ ಲೆಕ್ಕಕ್ಕಿಂತ 7 ಡಿಗ್ರಿ ಹಿಂದೆ ಇತ್ತು.

ಮಿಸ್ತ್ರಿ ತಪ್ಪು ಮಾಡಿದ್ದರೆ? ನಾವು ಹಾಗೆ ಎಣಿಸುವುದಿಲ್ಲ. ಅವರ ಗೆರೆ ಡಿಸ್ಟ್ರಿಬ್ಯೂಟರಿಗೂ ಎಂಜಿನಿನ ಮೈಗೂ ಇರುವ ಸಂಬಂಧವನ್ನು ಹೇಳುತ್ತದೆ. ಕಿಡಿಗೂ ಕ್ರ್ಯಾಂಕಿಗೂ ಇರುವ ಸಂಬಂಧವನ್ನು ಅದು ಹೇಳಲಾರದು. ನಡುವೆ ಒಂದು ಚೈನಿದೆ. ಕ್ರ್ಯಾಂಕಿನಿಂದ ಕ್ಯಾಮ್‌ಶಾಫ್ಟಿಗೆ ಚೈನು, ಕ್ಯಾಮ್‌ಶಾಫ್ಟಿನಿಂದ ಡಿಸ್ಟ್ರಿಬ್ಯೂಟರಿಗೆ ಹಲ್ಲುಗಾಲಿ. ಮೂವತ್ತು ನಲವತ್ತು ವರ್ಷಗಳಲ್ಲಿ ಚೈನು ಸವೆದು ಉದ್ದವಾಗುತ್ತದೆ, ಕ್ಯಾಮ್‌ಶಾಫ್ಟು ಹಿಂದೆ ಬೀಳುತ್ತದೆ, ಅದರೊಡನೆ ಕಿಡಿಯೂ ಹಿಂದೆ ಬೀಳುತ್ತದೆ. ಸಿಬಿ ಪಾಯಿಂಟಿನ ಕಥೆಯೂ ಅದೇ. ಪಾಯಿಂಟು ತೆರೆದ ಕ್ಷಣವೇ ಕಿಡಿಯ ಕ್ಷಣ. ಪಾಯಿಂಟಿನ ಹಿಮ್ಮಡಿಯಂತಿರುವ ಸಣ್ಣ ತುಂಡು ಕ್ಯಾಮಿಗೆ ಉಜ್ಜಿ ಸವೆದಷ್ಟೂ ಸಂದು ಕಿರಿದಾಗಿ, ಪಾಯಿಂಟು ತಡವಾಗಿ ತೆರೆಯುತ್ತದೆ. ಗೆರೆ ಮಾತ್ರ ಹೊಡೆದಲ್ಲಿಯೇ ಇದೆ. ಅಂದು ಅದು ಹೇಳಿದ್ದು ನಿಜ. ಇಂದು ಆ ಗೆರೆಗೆ ಕಟ್ಟಿದರೆ ಮಿಸ್ತ್ರಿಯ ಕಿಡಿ ಸಿಗುವುದಿಲ್ಲ. ಅವರು ಇದ್ದಿದ್ದರೆ ಪ್ರಾಯಶಃ ಅವರೇ ಇನ್ನೊಂದು ಗೆರೆ ಹೊಡೆಯುತ್ತಿದ್ದರು.

ಪೆಟ್ರೋಲೂ ಅಂದಿನದಲ್ಲ. ಸಿಬಿ ಪಾಯಿಂಟು, ಕಾಯಿಲು, ಬ್ಯಾಟರಿಗಳ ಈ ಏರ್ಪಾಟನ್ನು 1910ರ ಸುಮಾರಿಗೆ ಕ್ಯಾಡಿಲಾಕ್ ಕಾರಿಗೆ ಕೊಟ್ಟವನು ಅಮೆರಿಕದ ಚಾರ್ಲ್ಸ್ ಕೆಟರಿಂಗ್. ಅವನ ಕೈಕೆಳಗೆ ದುಡಿಯುತ್ತಿದ್ದ ಥಾಮಸ್ ಮಿಡ್‌ಗ್ಲಿಯೇ 1921ರಲ್ಲಿ ನಾಕಿಂಗಿಗೆ ಮದ್ದೆಂದು ಪೆಟ್ರೋಲಿಗೆ ಸೀಸ ಬೆರೆಸುವುದನ್ನು ಕಂಡುಹಿಡಿದ. ಆ ವಿಷವನ್ನು ಜಗತ್ತು ಮುಕ್ಕಾಲು ಶತಮಾನಕ್ಕೂ ಹೆಚ್ಚು ಕಾಲ ಉಸಿರಾಡಿತು. ಹುಬ್ಬಳ್ಳಿಯ ಗೆರೆ ಹೊಡೆದಾಗ ನಮ್ಮ ಬಂಕುಗಳಲ್ಲಿ ಸಿಗುತ್ತಿದ್ದುದು ಸೀಸ ಬೆರೆತ 87 ಆಕ್ಟೇನಿನ ಸಾಧಾರಣ ಪೆಟ್ರೋಲು. 2000ದಲ್ಲಿ ದೇಶದಾದ್ಯಂತ ಸೀಸ ಹೋಯಿತು, ಆಮೇಲೆ ಆಕ್ಟೇನು 91ಕ್ಕೆ ಏರಿತು. ಈಗ ಎಥೆನಾಲು. ಶೇಕಡ 20ರ ಎಥೆನಾಲು ಬೆರೆತ ಪೆಟ್ರೋಲು 2023ರ ಫೆಬ್ರವರಿ 6ರಂದು ಬಿಡುಗಡೆಯಾದದ್ದು ನಮ್ಮ ಬೆಂಗಳೂರಿನಲ್ಲಿಯೇ. ಎರಡೇ ವರ್ಷಗಳಲ್ಲಿ ಅದು ಎಲ್ಲೆಡೆ ಹರಡಿತು. ಶಿರೂರು ತಾಲ್ಲೂಕಿನ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಕೊಂಡು ತೆವಳುವಾಗಲೆಲ್ಲ, ನಮ್ಮ ಟ್ಯಾಂಕಿಗೆ ಬೀಳಲಿರುವುದೂ ಇದರ ಒಂದು ಪಾಲೇ ಎಂದುಕೊಳ್ಳುತ್ತೇವೆ.

ಎಥೆನಾಲಿನ ಆಕ್ಟೇನು ಹೆಚ್ಚು, ಆದ್ದರಿಂದ ಹಳೆಯ ಎಂಜಿನು ಈಗ ಅಷ್ಟು ಸುಲಭವಾಗಿ ನಾಕ್ ಮಾಡುವುದಿಲ್ಲ. ಇದನ್ನು ಕೇಳಿ ಹಿಗ್ಗಿದವರಿದ್ದಾರೆ. ಟೈಮಿಂಗನ್ನು ಇನ್ನೂ ಮುಂದಕ್ಕೆ ತಳ್ಳಬಹುದು, ಗಾಡಿ ಹಾರುತ್ತದೆ ಎನ್ನುತ್ತಾರೆ. ನಮಗೆ ಇದು ಹಿಗ್ಗುವ ಸಂಗತಿಯಾಗಿ ಕಾಣುವುದಿಲ್ಲ. ತಳ್ಳು ಹೆಚ್ಚುವುದಕ್ಕೆ ಒಂದು ಮಿತಿಯಿದೆ. ಆ ಮಿತಿ ದಾಟಿದ ಮೇಲೆ, ನಾಕ್ ಆಗಲಿ ಆಗದಿರಲಿ, ಮೇಲೇರುವ ಪಿಸ್ಟನ್ನಿಗೆ ಎದುರಾಗಿ ಉರಿಯುವುದಷ್ಟೇ ನಡೆಯುತ್ತದೆ. ಮೊದಲೆಲ್ಲ ಹೀಗೆ ಹದ್ದು ಮೀರಿದವರಿಗೆ ಟಕಟಕ ಸದ್ದು ಎಚ್ಚರಿಕೆ ಕೊಡುತ್ತಿತ್ತು. ಹೊಸ ಪೆಟ್ರೋಲು ಆ ಕಾವಲುಗಾರನನ್ನು ಮಲಗಿಸಿಬಿಟ್ಟಿದೆ. ಇನ್ನೊಂದು ತೊಡಕೆಂದರೆ, ಒಂದು ಲೀಟರು ಎಥೆನಾಲಿನಲ್ಲಿರುವ ಶಕ್ತಿ ಪೆಟ್ರೋಲಿನ ಸುಮಾರು ಮೂರರಲ್ಲಿ ಎರಡು ಪಾಲು. ಕಾರ್ಬುರೇಟರಿನ ಹಳೆಯ ಜೆಟ್ಟಿಗೆ ಇದು ತಿಳಿಯದು. ಅದು ಅಳೆದು ಬಿಡುವುದು ಅಷ್ಟೇ, ಆದ್ದರಿಂದ ಮಿಶ್ರಣ ತೆಳುವಾಗಿ ಎಂಜಿನು ಹೆಚ್ಚು ಬಿಸಿಯಾಗುತ್ತದೆ. ಇಂಥ ಎಂಜಿನಿನ ಎಳೆತ ಕುಗ್ಗಿತೆಂದು ಡಿಸ್ಟ್ರಿಬ್ಯೂಟರನ್ನು ಮುಂದಕ್ಕೆ ತಿರುಗಿಸಿದರೆ, ಜೆಟ್ಟಿನ ತಪ್ಪಿಗೆ ಪಿಸ್ಟನ್ನನ್ನು ದಂಡಿಸಿದಂತೆ. ಪೆಟ್ರೋಲ್ ಪಂಪಿನ ಡಯಾಫ್ರಮ್ಮು, ರಬ್ಬರು ಕೊಳವೆಗಳ ಪಾಡು ಬೇರೆಯೇ ಇದೆ. ಅದನ್ನು ಇಲ್ಲಿ ಹೇಳಹೊರಟರೆ ಮುಗಿಯದು.

ಕಿವಿಯ ವಿಚಾರದಲ್ಲಿ ಇನ್ನೊಂದು ಮಾತು ಹೇಳಲೇಬೇಕು, ಹಿರಿಯರು ಮುನಿಯಬಾರದು. 68 ಮಿಲಿಮೀಟರಿನಷ್ಟು ಅಗಲದ ಸಿಲಿಂಡರಿನಲ್ಲಿ ನಾಕಿಂಗಿನ ಸದ್ದು ಹುಟ್ಟುವುದು ಸುಮಾರು 8 ಸಾವಿರ ಹರ್ಟ್ಸಿನ ಆಸುಪಾಸಿನಲ್ಲಿ. ವಯಸ್ಸಾದಂತೆ ಮನುಷ್ಯನ ಕಿವಿ ಮೊದಲು ಬಿಟ್ಟುಕೊಡುವುದು ಇಂಥ ಎತ್ತರದ ಸದ್ದುಗಳನ್ನೇ. ಗರಾಜಿನ ಸುತ್ತಿಗೆ, ಹಾರನ್ನುಗಳ ನಡುವೆ ನಲವತ್ತು ವರ್ಷ ದುಡಿದವರಿಗೆ ಅದು ಇನ್ನೂ ಬೇಗ ಬರುತ್ತದೆ. ಅನುಭವ ಮಾಗಿದ ಹೊತ್ತಿಗೆ ಆ ಅನುಭವಕ್ಕೆ ಬೇಕಾದ ಶ್ರವಣವೇ ಹೋಗಿರುತ್ತದೆ. ಖಂಬಾಟ್ಕಿಯಲ್ಲಿ ಸದ್ದನ್ನು ಮೊದಲು ಕೇಳಿದ್ದು ಹಿಂದಿನ ಸೀಟಿನ ಹನ್ನೊಂದು ವರ್ಷದ ಹುಡುಗಿ. ನಾವು ಅವಳನ್ನು ಸುಮ್ಮನಿರಿಸಿದ್ದೆವು.

ಇಂದಿನ ಕಾರುಗಳಲ್ಲಿ ಕಂಪ್ಯೂಟರು ಬಂದು ಕೈಕಸುಬು ಹಾಳಾಯಿತೆಂದು ಅಲವತ್ತುಕೊಳ್ಳುವುದು ಕೂಡ ನಮಗೆ ಅರ್ಧ ಸತ್ಯವಾಗಿ ಕಾಣುತ್ತದೆ. ಅಂಥ ಎಂಜಿನಿನ ಮೈಗೆ ಬಿಗಿದ ನಾಕ್ ಸೆನ್ಸರು ಒಂದು ಕಿವಿಯೇ ಅಲ್ಲವೇ? ನಾಕಿಂಗಿನ ಆ ಎತ್ತರದ ಸದ್ದಿಗೆ ಅದು ಕಾದಿರುತ್ತದೆ; ಸದ್ದು ಬಂದರೆ ಕಿಡಿಯನ್ನು ಒಂದೆರಡು ಡಿಗ್ರಿ ಹಿಂದಕ್ಕೆ ತರಿಸುತ್ತದೆ, ನಿಂತರೆ ಮೆಲ್ಲನೆ ಮುಂದಕ್ಕೆ ಬಿಡಿಸುತ್ತದೆ. ಒಳ್ಳೆಯ ಮಿಸ್ತ್ರಿ ಗಾಡಿಯಲ್ಲಿ ಕುಳಿತು ಏರಿನಲ್ಲಿ ಮಾಡುತ್ತಿದ್ದ ಪರೀಕ್ಷೆಯನ್ನೇ ಅದು ಸೆಕೆಂಡಿಗೆ ಹಲವು ಬಾರಿ ಮಾಡುತ್ತಿದೆ. ಐಡಲಿಂಗಿನ ಇಂಪಿಗೆ ಅದು ಮರುಳಾಗುವುದಿಲ್ಲ.

ಈಗ ನಾವು ಅನುಸರಿಸುವ ಕ್ರಮವನ್ನು ಹೇಳುತ್ತೇವೆ. ಮೊದಲು ಪಾಯಿಂಟು. ಹೊಂಡಬಿದ್ದಿದ್ದರೆ ಬದಲಿಸಿ, ಸಂದನ್ನು ಫೀಲರ್ ಗೇಜಿನಿಂದ ಪುಸ್ತಕದ ಅಳತೆಗೆ ತರುವುದು. ಇದು ಮೊದಲಾಗಬೇಕು, ಸಂದು ಕದಲಿದರೆ ಟೈಮಿಂಗೂ ಕದಲುತ್ತದೆ, ಆದ್ದರಿಂದ ಹಿಂದು ಮುಂದು ಮಾಡಿದವರು ಎರಡು ಸಲ ಕೆಲಸ ಮಾಡುತ್ತಾರೆ. ಆಮೇಲೆ ಒಂದನೆಯ ಸಿಲಿಂಡರಿನ ಪ್ಲಗ್ಗು ಬಿಚ್ಚಿ, ರಂಧ್ರಕ್ಕೆ ಹೆಬ್ಬೆರಳೊತ್ತಿ, ಇನ್ನೊಬ್ಬರು ಎಂಜಿನನ್ನು ಕೈಯಿಂದ ತಿರುಗಿಸುವುದು. ಗಾಳಿ ಬೆರಳನ್ನು ತಳ್ಳಿತೆಂದರೆ ಪಿಸ್ಟನ್ನು ಒತ್ತುತ್ತ ಮೇಲೇರುತ್ತಿದೆ. ಕ್ರ್ಯಾಂಕ್ ಪುಲ್ಲಿಯ ಗುರುತನ್ನು ಪುಸ್ತಕ ಹೇಳಿದ ಡಿಗ್ರಿಗೆ ನಿಲ್ಲಿಸಬೇಕು. ಡಿಸ್ಟ್ರಿಬ್ಯೂಟರಿಗೆ ಕಾಯಿಲಿನಿಂದ ಬರುವ ಸಣ್ಣ ತಂತಿಯ ತುದಿಗೂ ಎಂಜಿನಿನ ಮೈಗೂ ನಡುವೆ 12 ವೋಲ್ಟಿನ ಬಲ್ಬು ಕಟ್ಟಿ, ಕೀಲಿ ಆನ್ ಮಾಡಿ, ಡಿಸ್ಟ್ರಿಬ್ಯೂಟರನ್ನು ರೋಟರು ಸುತ್ತುವ ದಿಕ್ಕಿಗೆ ತುಸು ತಿರುಗಿಸಿಕೊಂಡು, ಬಳಿಕ ಅದಕ್ಕೆ ಎದುರಾಗಿ ಮೆಲ್ಲನೆ ತರುವುದು. ಬಲ್ಬು ಹೊತ್ತಿದ ಕ್ಷಣ ಪಾಯಿಂಟು ತೆರೆಯಿತು, ಅಲ್ಲಿ ಬಿಗಿಯುವುದು. ಡಿಸ್ಟ್ರಿಬ್ಯೂಟರು ಕ್ರ್ಯಾಂಕಿನ ಅರ್ಧ ವೇಗದಲ್ಲಿ ತಿರುಗುವುದರಿಂದ ಇಲ್ಲಿಯ ಒಂದು ಡಿಗ್ರಿ ಅಲ್ಲಿಯ ಎರಡು. ಬುಡದಲ್ಲಿ ಅರ್ಧ ಮಿಲಿಮೀಟರಿಗೂ ಕಡಿಮೆ ಸರಿದರೆ ಅಷ್ಟಾಯಿತು. ಕೈಯ ಅಂದಾಜಿಗೆ ಬಿಡಬಾರದು ಎನ್ನುವುದು ಇದಕ್ಕೇ.

ಎಂಜಿನು ಬಿಸಿಯಾದ ಮೇಲೆ ಗನ್ ಹಿಡಿದು ನೋಡುತ್ತೇವೆ. ಡಯಾಫ್ರಮ್ ಇರುವ ಗಾಡಿಯಾದರೆ ಅದರ ಕೊಳವೆಯನ್ನು ಕಳಚಿ ಬಾಯಿ ಮುಚ್ಚಿರಬೇಕು. ವೇಗ ಏರಿಸಿದಾಗ ಗುರುತು ನಯವಾಗಿ ಮುಂದೆ ಸರಿದು, ಇಳಿಸಿದಾಗ ತಿರುಗಿ ಬರಬೇಕು. ತಿಣುಕುತ್ತ ಬಂದರೆ ಒಳಗಿನ ತೂಕಗಳು ಹಿಡಿದುಕೊಂಡಿವೆ. ಹೊರಗೆ ಎಷ್ಟು ತಿರುಗಿಸಿಯೂ ಪ್ರಯೋಜನವಿಲ್ಲ.

ಕೊನೆಗೆ ರಸ್ತೆ. ಈ ಊರಿನ ಸುತ್ತ ಹೇಳಿಕೊಳ್ಳುವಂಥ ಏರಿಲ್ಲ, ಹೀಗಾಗಿ ಸಾಸವಡದ ದಾರಿಯ ದಿವೆ ಘಾಟಿನವರೆಗೂ ಹೋಗುತ್ತೇವೆ. ನಾಲ್ಕು ಜನ ಕುಳಿತು, ಕಿಟಕಿ ಮುಚ್ಚಿ, ಮಾತು ನಿಲ್ಲಿಸಿ, ಮೇಲಿನ ಗೇರಿನಲ್ಲಿ 40ರ ವೇಗದಿಂದ ಆಕ್ಸಿಲರೇಟರನ್ನು ಪೂರ್ತಿ ಒತ್ತುತ್ತೇವೆ. ಕಿವಿಗೆ ಈಗ ಕೆಲಸ. ಟಕಟಕ ಬಂದರೆ ಕಾಲು ತೆಗೆದು, ಗಾಡಿ ನಿಲ್ಲಿಸಿ, ಎರಡು ಡಿಗ್ರಿ ಹಿಂದಕ್ಕೆ. ಬರದಿದ್ದರೆ ಅಲ್ಲಿಗೆ ಬಿಟ್ಟುಬಿಡುವುದು. ತುಸು ಸದ್ದು ಬಂದು ಮಾಯವಾಗುವಂತಿದ್ದರೆ ಸರಿ ಎಂದು ಹಳೆಯ ಕೈಪಿಡಿಗಳು ಹೇಳುತ್ತಿದ್ದವು. ಹೊಸ ಪಿಸ್ಟನ್ನು ಅಂಗಡಿಯಲ್ಲಿ ಸಿಗುತ್ತಿದ್ದ ಕಾಲದ ಮಾತು ಅದು. ಪೆಟ್ರೋಲು ಬದಲಾದ ಮೇಲೆ ಒಮ್ಮೆ ಕುತೂಹಲಕ್ಕೆ 4 ಡಿಗ್ರಿ ಮುಂದೆ ಇಟ್ಟು ಅದೇ ಏರು ಹತ್ತಿಸಿದೆವು. ಸದ್ದಿಲ್ಲ, ಎಳೆತದಲ್ಲಿ ಹೆಚ್ಚಳವೂ ಇಲ್ಲ, ಬಿಸಿಯ ಮುಳ್ಳು ಮಾತ್ರ ಮೇಲಕ್ಕೆ. ಮತ್ತೆ ಹಿಂದಕ್ಕೆ ತಂದೆವು.

ಪಾಯಿಂಟಿನ ಬದಲು ಎಲೆಕ್ಟ್ರಾನಿಕ್ ಕಿಟ್ ಹಾಕಿಸಿ ಈ ಗೋಳು ಬಿಡಿ ಎನ್ನುವವರಿದ್ದಾರೆ. ಹಾಕಿಸಬಹುದು, ಸವೆಯುವ ಒಂದು ತುಂಡು ಕಡಿಮೆಯಾಗುತ್ತದೆ. ಆದರೆ ಡಿಸ್ಟ್ರಿಬ್ಯೂಟರು ಎಲ್ಲಿ ನಿಲ್ಲಬೇಕೆಂಬುದನ್ನು ಕಿಟ್ಟು ಹೇಳದು. ಗಾಡಿಯನ್ನೇ ಗುಜರಿಗೆ ಹಾಕಿ ಎನ್ನುವವರೂ ಇದ್ದಾರೆ. 50 ವರ್ಷ ತುಂಬಿದ ಗಾಡಿಗೆ ವಿಂಟೇಜ್ ನೋಂದಣಿ ಕೊಡುವ ನಿಯಮ 2021ರಲ್ಲಿ ಬಂದಿದೆ. ನಮ್ಮದಕ್ಕೆ ಆ ಭಾಗ್ಯ ಬರಬೇಕಾದರೆ 2032ರವರೆಗೆ ಕಾಯಬೇಕು, ಅಲ್ಲಿಯವರೆಗೆ ಅದರ ಪಿಸ್ಟನ್ನುಗಳು ಉಳಿಯಬೇಕು.

ಹೊರನಾಡಿನಲ್ಲಿ ತಂದೆಯವರ, ಮಾವನವರ ಗಾಡಿ ಇಟ್ಟುಕೊಂಡಿರುವ ಓದುಗರಲ್ಲಿ ಒಂದು ಕೋರಿಕೆ. ಡಿಸ್ಟ್ರಿಬ್ಯೂಟರಿನ ಬುಡದಲ್ಲಿ ಉಳಿಯ ಗೆರೆಯೋ ಬಣ್ಣದ ಚುಕ್ಕೆಯೋ ಇದೆಯೇ ನೋಡಿರಿ. ಊರಿನ ಮಿಸ್ತ್ರಿಗಳಲ್ಲಿ ಹಾಗೆ ಗುರುತು ಹಾಕುವ ರೂಢಿ ಇದೆ. ಇದ್ದರೆ, ಬಿಚ್ಚುವ ಮೊದಲು ಗನ್ ಹಿಡಿದು ಅದು ಎಷ್ಟು ಡಿಗ್ರಿಯೆಂದು ಬರೆದಿಡಿ. ಯಾವ ಪೆಟ್ರೋಲು, ಪಾಯಿಂಟಿನ ಸಂದು ಎಷ್ಟು, ಯಾವ ದಿನ ಎಂಬುದನ್ನೂ ಕನ್ನಡದಲ್ಲಿಯೇ ಬರೆದು ಗಾಡಿಯ ಕಾಗದಪತ್ರಗಳೊಡನೆ ಇಡಿ. ಹುಬ್ಬಳ್ಳಿಯ ಮಿಸ್ತ್ರಿ ಗೆರೆಯೊಡನೆ ಇಷ್ಟನ್ನು ಒಂದು ಚೀಟಿಯಲ್ಲಿ ಬರೆದಿಟ್ಟಿದ್ದರೆ, ಚೈನು ಎಷ್ಟು ಸವೆದಿದೆ ಎಂಬುದು ನಮಗೆ ಎಂಜಿನು ಬಿಚ್ಚುವ ಮೊದಲೇ ತಿಳಿಯುತ್ತಿತ್ತು. ಬರೆಯುವುದು ಅವರ ಕಸುಬಾಗಿರಲಿಲ್ಲ. ಬರೆಯುವ ಕಸುಬಿನ ನಾವು ಬಾನೆಟ್ಟಿನ ಕೆಳಗೆ ಇಣುಕುತ್ತಿರಲಿಲ್ಲ.

ಕಳೆದ ತಿಂಗಳು ಹೊಸ ಪಾಯಿಂಟು ಹಾಕಿ, ದಿವೆ ಘಾಟು ಹತ್ತಿಸಿ ಬಂದ ಮೇಲೆ ಬಿಳಿ ಬಣ್ಣದಿಂದ ಇನ್ನೊಂದು ಸಣ್ಣ ಗೆರೆ ಎಳೆದೆವು. ಹಳೆಯದಕ್ಕೂ ಇದಕ್ಕೂ ನಡುವೆ ಎರಡು ಮಿಲಿಮೀಟರಿನಷ್ಟು ಅಂತರ. ಗೆಳೆಯರ ತಾಯಿ ಕನ್ನಡಕ ಹಾಕಿಕೊಂಡು ಬಂದು ಬಗ್ಗಿ ನೋಡಿದರು.

“ಈ ಬಿಳೀದು ಯಾರದು?”

“ನಮ್ಮದು, ಅವ್ವಾ.”

“ಅವರದು?”

ಮಗ ಟಾರ್ಚು ಹಿಡಿದು ತೋರಿಸಿದರು. ಬೆರಳಿನಿಂದ ಅದನ್ನು ಮುಟ್ಟಿ ನೋಡಿ, ಎಣ್ಣೆಯ ಕೈಯನ್ನು ನಮ್ಮ ಬಟ್ಟೆಯ ಚೂರಿಗೇ ಒರೆಸಿಕೊಂಡು, ಚಾಲೂ ಮಾಡು ಎಂದರು.